ಖಾಲಿ ಬಿಟ್ಟ ಹೆದೆ

ನನಗೆ ಸಿಟ್ಟೇ ಬರುವುದಿಲ್ಲ ಎಂದು ರೋಣದ ಜನ ಹೇಳುತ್ತಾರೆ. ಹತ್ತಿ ಹಿಂಜುವ ಪಿಂಜಾರ ಮೋದಿನಸಾಬ ಅಂದರೆ ತಾನು ಹಿಂಜುವ ಅರಳಿ ಇದ್ದ ಹಾಗೆ, ಒತ್ತಿದಷ್ಟೂ ಒತ್ತಿಸಿಕೊಳ್ಳುತ್ತಾನೆ ಅನ್ನುತ್ತಾರೆ. ಅವರಿಗೆ ಅರಳಿಯೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಬಿಗಿಯಾಗಿ ಒತ್ತಿದ ಅರಳಿಯ ಗಂಟಿನೊಳಗೆ ಒಂದು ಕಿಡಿ ಬಿದ್ದರೆ ಹೊರಗೆ ಹೊಗೆಯೂ ಕಾಣಿಸದೆ ಎರಡು ಮೂರು ದಿನ ಒಳಗೇ ಸುಡುತ್ತಿರುತ್ತದೆ. ನಮ್ಮ ಓಣಿಯ ಹಿಂದೆ ಅರಳಿಯ ಬೀಜ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಹಾಗೆ ಸುಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸಿಟ್ಟು ಆ ಜಾತಿಯದು.

ಎರಡು ಸಾವಿರದ ಆರನೇ ಇಸವಿ, ಸಂಕ್ರಮಣ ಇನ್ನೂ ಮುಂದಿತ್ತು. ಅರಳಿ ಪೇಟೆಯ ಅಡತಿ ವ್ಯಾಪಾರಿ ಪ್ರಭುಲಿಂಗಪ್ಪ ನನ್ನ ಮನೆ ಬಾಗಿಲಿಗೆ ಬಂದ. ಜೊತೆಗೆ ಅವನ ಮಗ ಅನಿಲಕುಮಾರ. ಆ ಹುಡುಗನಿಗೆ ಮದುವೆ ಗೊತ್ತಾಗಿತ್ತು.

"ಮೋದಿನಸಾಬ, ನಾಲ್ಕು ಗಾದಿ, ಎಂಟು ತಲಿದಿಂಬ ಬೇಕು. ಮಷೀನಿನ್ಯಾವು ಬ್ಯಾಡ. ಅವು ಒಂದ ವರ್ಷಕ್ಕ ಗಂಟಗಂಟ ಆಗ್ತಾವು. ನಮ್ಮವ್ವನ ಗಾದಿ ನಿಮ್ಮಪ್ಪ ಹಿಂಜಿದ್ದು, ಆಕಿ ಹೋಗೂತನಕ ಮೆತ್ತಗ ಇತ್ತು."

ಕೈಯಿಂದ ಹಿಂಜುವುದನ್ನು ಬಿಟ್ಟು ನನಗೆ ಆರು ವರ್ಷವಾಗಿತ್ತು. ನಮ್ಮ ಹಿಂಜುವ ಬಿಲ್ಲು ಆಳುದ್ದದ್ದು, ಆಡಿನ ಕರುಳನ್ನು ಹೊಸೆದು ಮಾಡಿದ ತಂತಿ. ತಂತಿಯನ್ನು ಅರಳಿಗೆ ತಾಗಿಸಿ ಕಟ್ಟಿಗೆಯ ಗುಂಡಿನಿಂದ ಮೀಟಿದರೆ ಅದು ಅದುರಿ ಅದುರಿ, ಕಲ್ಲಿನಂತೆ ಕೂತ ಅರಳಿ ಹೊಗೆಯ ಹಾಗೆ ಎದ್ದು ನಿಲ್ಲುತ್ತದೆ. ಕರೆಂಟಿನ ಮಷೀನು ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಬಿಲ್ಲು ಗೋಡೆಗೆ ಏರಿತು, ನಾನು ಸಂತೆಯಲ್ಲಿ ಹಗ್ಗ ಮಾರಲು ಕೂತೆ. ಈಗ ಮದುವೆಗೆ ಮಾತ್ರ ನನ್ನ ಕೈ ಬೇಕಾಯಿತು ಇವರಿಗೆ.

"ಆತ್ರಿ ಸಾವ್ಕಾರ್ರ, ಹಿಂಜತೀನಿ," ಅಂದೆ. "ರೊಕ್ಕ ಬ್ಯಾಡ. ನಿಮ್ಮ ಅಂಗಡ್ಯಾಗ ಮೊಳಿಗಿ ಜೋತುಬಿದ್ದೈತೆಲ್ಲಾ ಬಿಲ್ಲ, ಅದನ್ನ ಕೊಡ್ರಿ."

ಅಪ್ಪ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆ ಬಿಲ್ಲು ಅನಿಲನದು. ಪುಣೆಯಲ್ಲಿ ಎರಡು ವರ್ಷ ಓದುವಾಗ ಶೋಕಿಗೆ ತೆಗೆದುಕೊಂಡಿದ್ದ. ಊರಿಗೆ ಬಂದು ನಾಲ್ಕು ದಿನ ಕೆರೆಯ ದಂಡೆಯಲ್ಲಿ ಬಾಣ ಬಿಟ್ಟು, ಬೇಸರವಾಗಿ ಅರಳಿ ಅಂಗಡಿಯ ಗೋಡೆಗೆ ತೂಗಹಾಕಿದ್ದ. ಎರಡು ತುದಿಯೂ ಮುಂದಕ್ಕೆ ಹೊರಳಿದ, ಕಟ್ಟಿಗೆಯ ಮೇಲೆ ಗಾಜಿನಂಥ ಹಾಳೆ ಅಂಟಿಸಿದ ಬಿಲ್ಲು. ಅಂಥದ್ದು ನಮ್ಮ ಕಡೆ ಮತ್ತೊಂದು ಇರಲಿಲ್ಲ.

ಅನಿಲ ನಕ್ಕ. "ಅಜ್ಜಾ, ಅದರಾಗ ಅರಳಿ ಹಿಂಜಾಕ ಬರೂದಿಲ್ಲರಿ."

"ನನಗಲ್ಲ. ನಮ್ಮ ಹುಡಿಗಿಗೆ."

"ಪಿಂಜಾರ್ರ ಹುಡಿಗಿ ಬಾಣ ಬಿಡ್ತಾಳೇನು? ಯಾರಿಗಿ ಬಿಡ್ತಾಳ? ಮಷೀನಿನವರಿಗೇನು?" ಎಂದು ಇನ್ನೂ ಜೋರಾಗಿ ನಕ್ಕ. ಅವನ ಅಪ್ಪ ನಗಲಿಲ್ಲ, ಆದರೆ ಮಗನನ್ನು ಸುಮ್ಮನಾಗಿಸಲೂ ಇಲ್ಲ. ನಾನು ಕೆಳಗೆ ನೋಡಿದೆ. ಜನ ನನಗೆ ಸಿಟ್ಟಿಲ್ಲ ಅನ್ನುವುದು ಇಂಥ ಹೊತ್ತಿನಲ್ಲಿ ನಾನು ಕೆಳಗೆ ನೋಡುವುದನ್ನು ಕಂಡು.

ಹುಡುಗಿ ಅಂದರೆ ನಾಹೀದ, ನನ್ನ ಮಗಳ ಮಗಳು. ಹದಿನೇಳು ವರ್ಷದವಳು. ಅವಳ ತಾಯಿ ತಂದೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಅವಳು ಕಾಲೇಜಿಗೆಂದು ನನ್ನ ಮತ್ತು ನನ್ನ ಹೆಂಡತಿ ಬಾನುಬಿಯ ಹತ್ತಿರ ಇದ್ದಳು. ಕಾಲೇಜಿನ ಆಟದ ಮಾಸ್ತರ ಗುರುಸಂಗಪ್ಪ ಎಲ್ಲಿಯೋ ಹತ್ತು ದಿನದ ಶಿಬಿರದಲ್ಲಿ ಬಿಲ್ವಿದ್ಯೆ ಕಲಿತು ಬಂದಿದ್ದರು. ಫೆಬ್ರವರಿಯಲ್ಲಿ ಗದಗಿನಲ್ಲಿ ಹುಡುಗಿಯರ ಆಯ್ಕೆ ಇದೆ, ಆರಿಸಿಕೊಂಡವರಿಗೆ ಹಾಸ್ಟೆಲ್ಲು, ಊಟ, ಎರಡು ವರ್ಷದ ತರಬೇತಿ, ಬಿಲ್ಲು ನೀವೇ ತರಬೇಕು ಎಂದು ಹೇಳಿದ್ದರು. ಉಳಿದ ಹುಡುಗಿಯರು ಕೇಳಿ ಮರೆತರು. ಇವಳು ಮರೆಯಲಿಲ್ಲ. ಊಟಕ್ಕೆ ಕೂತಾಗಲೂ ಎಡಗೈ ಚಾಚಿ ಬಲಗೈ ಗಲ್ಲಕ್ಕೆ ತರುತ್ತಿದ್ದಳು.

"ರೊಟ್ಟಿ ಮುರಿ, ಗಾಳಿ ಯಾಕ ಜಗ್ತಿ," ಎಂದು ಬಾನುಬಿ ಬಯ್ಯುತ್ತಿದ್ದಳು.

ಹದಿನೆಂಟು ದಿನ ಹಿಂಜಿದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಧೂಳು ಎದೆಗೆ ಇಳಿಯಿತು. ರಾತ್ರಿ ಕೆಮ್ಮಿದರೆ ಬಾನುಬಿ, "ಸಾವ್ಕಾರ್ರ ಮಗ ಮೆತ್ತಗ ಮಲಗಲಿ, ನೀವು ಗಟ್ಟ್ಯಾಗಿ ಕೆಮ್ಮರಿ," ಅನ್ನುತ್ತಿದ್ದಳು. ಗಾದಿಗಳನ್ನು ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಇಳಿಸಿದ ದಿನ ಅನಿಲ ಬಿಲ್ಲು ಕೊಟ್ಟ. ಹೆದೆ, ಐದು ಬಾಣ, ಬೆರಳಿಗೆ ಹಾಕುವ ಚರ್ಮದ ಕವಚ, ಇಂಗ್ಲಿಷಿನ ಒಂದು ಸಣ್ಣ ಪುಸ್ತಕ. ಕೊಡುವಾಗ, "ಅಜ್ಜಾ, ಒಂದ ಮಾತ ಹೇಳ್ತೀನಿ ಕೇಳ್ರಿ, ಈ ಬಿಲ್ಲನ್ನ ಯಾವಾಗೂ..." ಎಂದು ಶುರುಮಾಡಿದ.

"ಬಿಲ್ಲಿನ ಮಾತ ನನಗ ಹೇಳಬ್ಯಾಡಪಾ," ಅಂದೆ. "ನಿಮ್ಮಪ್ಪ ಕೂಸಿದ್ದಾಗಿಂದ ಬಿಲ್ಲ ಹಿಡದೇನಿ ನಾ."

ಅನಿಲ ನನ್ನನ್ನು ಒಂದು ಗಳಿಗೆ ನೋಡಿದ. ತುಟಿಯ ಮೂಲೆಯಲ್ಲಿ ನಕ್ಕು, "ಹೌದಲ್ಲಾ. ಆತ್ರಿ," ಎಂದು ಒಳಗೆ ಹೋದ.

ಮನೆಗೆ ಬಂದ ಮೇಲೆ ನಾಹೀದ ಪುಸ್ತಕ ಬಿಚ್ಚಿದಳು. "ಅಜ್ಜಾ, ಇದರಾಗ ಹ್ಯಾಂಗ ಕಟ್ಟಬೇಕು, ಹ್ಯಾಂಗ ಇಡಬೇಕು ಎಲ್ಲಾ ಐತಿ. ಓದಿ ಹೇಳ್ತೀನಿ ತಡಿ."

"ಪುಸ್ತಕ ಓದಿ ಯಾರರೆ ಬಿಲ್ಲ ಕಲತಾರೇನು? ಇಲ್ಲಿ ತಾ," ಎಂದು ಕಸಿದುಕೊಂಡು ಹಾಸಿಗೆಯ ಕೆಳಗೆ ತುರುಕಿದೆ. ಮರುದಿನ ನಾನೇ ಹೆದೆ ಏರಿಸಿದೆ. ತುದಿಗಳು ಮುಂದಕ್ಕೆ ಬಾಗಿದ್ದವಲ್ಲ, ಬಾಗಿದ ಕಡೆಗೇ ಇನ್ನಷ್ಟು ಬಗ್ಗಿಸಿ ಕಟ್ಟಿದೆ. ಸಂಜೆಗೆ ಗುರುಸಂಗಪ್ಪ ಬಂದು ನೋಡಿ ಹೌಹಾರಿದರು.

"ಅಜ್ಜಾರ, ಉಲ್ಟಾ ಏರಿಸೀರಲ್ರಿ! ಇದು ಹಿಂದಕ್ಕ ಬಗ್ಗಬೇಕು, ಮುಂದಕ್ಕಲ್ಲ. ಮುರದಿದ್ದರ?" ಎಂದು ಬಿಚ್ಚಿ, ಒಂದು ತುದಿಯನ್ನು ಪಾದದ ಮೇಲೆ ಇಟ್ಟು ಬಿಲ್ಲಿನ ನಡುವನ್ನು ತೊಡೆಗೆ ಆನಿಸಿ ಹಿಂದಕ್ಕೆ ಬಗ್ಗಿಸಿ ಏರಿಸಿ ತೋರಿಸಿದರು. ನಾಹೀದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನನಗೆ ಮುಖ ಸುಟ್ಟ ಹಾಗಾಯಿತು. ಅವತ್ತಾದರೂ, 'ಇದು ನಮ್ಮ ಬಿಲ್ಲಲ್ಲ, ಬೇರೆಯದೇ ಪ್ರಾಣಿ' ಎಂದು ತಿಳಿದುಕೊಳ್ಳಬೇಕಿತ್ತು. ಬುದ್ಧಿ ಬರುವ ಬದಲು ಸಿಟ್ಟು ಬಂತು.

ಗುರುಸಂಗಪ್ಪ ವಾರಕ್ಕೆ ಮೂರು ಸಂಜೆ ಬರುತ್ತಿದ್ದರು. ಉಳಿದದ್ದೆಲ್ಲ ಮುಂಜಾನೆ, ಕೆರೆಯ ಆಚೆಯ ಪಾಳು ಹೊಲದಲ್ಲಿ, ನಾನು ಮತ್ತು ಅವಳು. ಗುರಿಗೆಂದು ಒಂದು ಚೀಲಕ್ಕೆ ಹೊಲಸು ಅರಳಿ ತುಂಬಿ, ಗಾದಿಗೆ ಆರಪಾರ ಟಾಕಿ ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ ಹೊಲಿದು ಕೊಟ್ಟಿದ್ದೆ. ನಡುವೆ ಬಾನುಬಿಯ ಹಳೆಯ ಕುಪ್ಪಸದ ಕೆಂಪು ಬಟ್ಟೆಯ ದುಂಡು ತುಂಡು. ಮೊದಲನೆಯ ವಾರ ಬಾಣ ಚೀಲಕ್ಕೆ ತಗುಲಿದ್ದು ನಾಲ್ಕೇ ಸಲ. ಹೆದೆ ಅವಳ ಎಡ ಮುಂಗೈಗೆ ಬಡಿದು ಬಡಿದು ಬದನೆಕಾಯಿಯ ಬಣ್ಣ ಬಂತು. ಗಾದಿಯ ಪಟ್ಟೆಪಟ್ಟೆ ಬಟ್ಟೆಯನ್ನು ನಾಲ್ಕು ಪದರ ಮಾಡಿ ಮುಂಗೈಗೆ ಕಟ್ಟಿಕೊಟ್ಟೆ. ಆಮೇಲೆ ಅವಳ ಕೈ ಕೂತಿತು. ಹೆದೆ ಎಳೆದು ಪ್ರತಿ ಸಲವೂ ಗಲ್ಲದ ಒಂದೇ ಮೂಲೆಗೆ ತರುವುದು, ಉಸಿರು ಹಿಡಿಯದೆ ಬಿಡುವುದು, ಬಿಟ್ಟ ಮೇಲೂ ಎಡಗೈ ಇಳಿಸದೆ ನಿಲ್ಲುವುದು. ಹದಿನೈದು ಹೆಜ್ಜೆಯಿಂದ ಐದರಲ್ಲಿ ಮೂರು ಬಾಣ ಕೆಂಪು ಬಟ್ಟೆಗೆ ಹೋಗತೊಡಗಿದವು.

ಇಲ್ಲಿ ನಾನು ಮಾಡಿದ್ದನ್ನು ಹೇಳಬೇಕು.

ನನ್ನ ಅಪ್ಪ ಓಣಿಗೆ ಬಂದಾಗ ಬಾಯಿಂದ ಕೂಗುತ್ತಿರಲಿಲ್ಲ. ಹೆಗಲ ಮೇಲಿನ ಬಿಲ್ಲಿನ ತಂತಿಯನ್ನು ಮೀಟುತ್ತಿದ್ದ. ಆ ಸಪ್ಪಳಕ್ಕೆ ಹೆಂಗಸರು ಹಳೆಯ ಗಾದಿ ತೆಗೆದುಕೊಂಡು ಹೊರಗೆ ಬರುತ್ತಿದ್ದರು. ಕೆಲಸಕ್ಕೆ ಕೂಡುವ ಮೊದಲು ಖಾಲಿ ಬಿಲ್ಲನ್ನು ಮೂರು ಸಲ ಮೀಟಬೇಕು ಎಂಬುದು ನಮ್ಮ ರಿವಾಜು. ಒಂದು ಅಲ್ಲಾಹನಿಗೆ, ಒಂದು ಕಲಿಸಿದವನಿಗೆ, ಒಂದು ಬಿಲ್ಲಿಗೆ. "ತಂತಿ ಹೂಂ ಅನ್ನೂತನಕ ಅರಳಿಗಿ ಕೈ ಹಚ್ಚಬ್ಯಾಡ," ಎನ್ನುತ್ತಿದ್ದ ಅಪ್ಪ. ಸಪ್ಪಳ ಕೇಳಿದರೆ ಸಾಕು, ತಂತಿ ಸಡಿಲಾಗಿದೆಯೋ, ಬಿಲ್ಲು ಬಿರುಕು ಬಿಟ್ಟಿದೆಯೋ ಹೇಳುತ್ತಿದ್ದ.

ನಾನು ಆ ಪುಣೆಯ ಬಿಲ್ಲಿಗೂ ಅದೇ ಮಾಡಿದೆ. ದಿನವೂ ಮುಂಜಾನೆ, ನಾಹೀದಳ ಕೈಗೆ ಕೊಡುವ ಮೊದಲು, ಬಿಸ್ಮಿಲ್ಲಾ ಎಂದು ಹೆದೆಯನ್ನು ಎದೆಯವರೆಗೆ ಎಳೆದು ಬಿಟ್ಟೆ. ಬಾಣವಿಲ್ಲದೆ. ಮೂರು ಸಲ. ಎಂಥಾ ಸಪ್ಪಳ ಬರುತ್ತಿತ್ತು! ಕೆರೆಯ ಮೇಲಿನ ಹಕ್ಕಿ ಏಳುತ್ತಿದ್ದವು. ನನ್ನ ಮೈಯೆಲ್ಲ ಅಪ್ಪನ ಮೈಯಾಗುತ್ತಿತ್ತು. ಆರು ವರ್ಷ ಹಗ್ಗ ಮಾರಿದ ಕೈ ಇದು ಎಂಬುದೇ ಮರೆಯುತ್ತಿತ್ತು.

ಒಂದು ದಿನ ನಾಹೀದ, "ಅಜ್ಜಾ, ಬ್ಯಾಡ, ಸರ್ ಹಂಗ ಬಿಡೂದಿಲ್ಲ ನೋಡು," ಅಂದಳು.

"ನಿಮ್ಮ ಸರ್ ಹತ್ತ ದಿನದಾಗ ಕಲತಾರ. ಸುಮ್ನಿರು."

ಅವಳು ಬಾಣ ಎತ್ತಿಕೊಂಡಳು.

ಆಯ್ಕೆಗೆ ಇನ್ನು ಒಂಬತ್ತು ದಿನ ಇತ್ತು. ಅವತ್ತು ಮುಂಜಾನೆ ಮೂರು ಸಲ ಹೆದೆ ಬಿಟ್ಟು ಕೊಟ್ಟೆ. ಮೊದಲನೆಯ ಬಾಣ ಕೆಂಪು ಬಟ್ಟೆಗೇ ಹೋಯಿತು. ಎರಡನೆಯದಕ್ಕೆ ಎಳೆದಳು. ಹೆದೆ ಗಲ್ಲಕ್ಕೆ ಬಂತು. ಅಷ್ಟರಲ್ಲಿ ಹಸಿ ಬಿದಿರನ್ನು ಒಲೆಗೆ ಇಟ್ಟಾಗ ಸಿಡಿಯುತ್ತದಲ್ಲ, ಅಂಥ ಸಪ್ಪಳ. ಮೇಲಿನ ತೋಳಿನ ಗಾಜಿನ ಹಾಳೆ ಕಟ್ಟಿಗೆಯಿಂದ ಕಿತ್ತು ಎದ್ದು, ತುದಿ ಮುರಿದು ತಿರುಗಿ ಅವಳ ಹುಬ್ಬಿಗೆ ಹೊಡೆಯಿತು. ಮುಖದ ತುಂಬ ರಕ್ತ. ಅವಳು ಅಳಲಿಲ್ಲ. ಒಂದು ಕೈಯಿಂದ ಹುಬ್ಬು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಬಿಲ್ಲನ್ನೇ ನೋಡುತ್ತಿದ್ದಳು.

ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿದರು. "ಅರ್ಧ ಬೆರಳ ಕೆಳಗ ಬಿದ್ದಿದ್ದರ ಕಣ್ಣ ಹೋಗ್ತಿತ್ತು," ಎಂದರು ಡಾಕ್ಟರು. ಆ ಮಾತು ನನ್ನ ಕಿವಿಯೊಳಗೆ ಹೊಕ್ಕಿತು. ಹೊರಗೆ ಬಂದಾಗ ನನಗೆ ಬಿಸಿಲು ಕಾಣಿಸಲಿಲ್ಲ, ರಸ್ತೆ ಕಾಣಿಸಲಿಲ್ಲ. ಅನಿಲನ ತುಟಿಯ ಮೂಲೆಯ ನಗು ಒಂದೇ ಕಾಣಿಸುತ್ತಿತ್ತು. ಬಿರುಕು ಬಿಟ್ಟ ಬಿಲ್ಲನ್ನು ಗೊತ್ತಿದ್ದೂ ಕೊಟ್ಟಿದ್ದಾನೆ. ಪಿಂಜಾರರ ಹುಡುಗಿಯ ಕಣ್ಣು ಹೋದರೆ ಹೋಗಲಿ ಎಂದು ಕೊಟ್ಟಿದ್ದಾನೆ. ನನ್ನ ಹದಿನೆಂಟು ದಿನದ ಗಾದಿಯ ಮೇಲೆ ಮಲಗಿ ನಗುತ್ತಾನೆ.

"ಅಜ್ಜಾ, ಮನಿಗಿ ಹೋಗೂಣು," ಅಂದಳು ನಾಹೀದ.

"ನೀ ಹೋಗು," ಎಂದು ಮುರಿದ ಬಿಲ್ಲು ಹಿಡಿದು ಪೇಟೆಗೆ ನಡೆದೆ. ಅವಳು ಹಿಂದೆಯೇ ಬಂದಳು.

ಪೇಟೆಯಲ್ಲಿ ಅರಳಿ ಹರಾಜಿನ ಸವಾಲು ನಡೆದಿತ್ತು. ಗಾಡಿ, ಟ್ರ್ಯಾಕ್ಟರು, ಚೀಲದ ಮೇಲೆ ಕೂತ ರೈತರು, ಹಮಾಲರು. ಪ್ರಭುಲಿಂಗಪ್ಪನ ಅಂಗಡಿಯ ಕಟ್ಟೆಯ ಮೇಲೆ ಬಿಲ್ಲನ್ನು ಎಸೆದೆ. ನನ್ನ ಅರವತ್ತಾರು ವರ್ಷದಲ್ಲಿ ಹಾಗೆ ಕೂಗಿದ್ದು ಅದೇ ಮೊದಲು.

"ಹೊರಗ ಬರ್ರಿ ಸಾವ್ಕಾರ್ರ! ನಿಮ್ಮ ಮಗನ್ನ ಕರ್ಕೊಂಡ ಬರ್ರಿ! ನಿಮ್ಮ ಮನಿ ಗಾದಿ ನಾ ಹಿಂಜೇನಿ, ಅದರಾಗ ಒಂದ ಮುಳ್ಳ ಇಟ್ಟೇನೇನು? ಒಂದ ಕಲ್ಲ ಇಟ್ಟೇನೇನು? ನಿಮ್ಮ ಮಗ ನನ್ನ ಕೂಸಿಗಿ ಏನ ಕೊಟ್ಟಾನ ನೋಡ್ರಿ!"

ಸವಾಲು ನಿಂತಿತು. ಜನ ಕೂಡಿದರು. ಪ್ರಭುಲಿಂಗಪ್ಪ ಗಾಬರಿಯಾಗಿ ಕೆಳಗೆ ಇಳಿದ. "ಮೋದಿನಸಾಬ, ಕುಂದರು, ಚಾ ಕುಡಿ..."

"ಚಾ ನೀವ ಕುಡೀರಿ! ಈಕಿ ಹುಬ್ಬ ನೋಡ್ರಿ ಮೊದಲ!"

ಹಮಾಲ ಈಶಪ್ಪ ಹೆಗಲ ಮೇಲಿನ ಚೀಲ ಇಳಿಸಿ, "ಖರೇ ಐತ್ರಿ. ಕೆಟ್ಟದ್ದ ಇದ್ದರ ಬಡವರಿಗಿ, ಚಲೋದ್ದ ಇದ್ದರ ತಮಗ. ದೊಡ್ಡವರ ಹಂಚಿಕಿನ ಇದು," ಅಂದ. ನಾಲ್ಕು ಜನ ಹೌದು ಹೌದು ಅಂದರು. ಈ ಮುದುಕ ಬಾಯಿ ತೆಗೆದವನೇ ಅಲ್ಲ, ಇವನನ್ನೂ ಕೂಗಿಸಿದರಲ್ಲ ಎಂದು ಒಬ್ಬ ಅಂದದ್ದು ನನಗೆ ಕೇಳಿಸಿತು. ಕೇಳಿ ಇನ್ನೂ ಜೋರಾಗಿ ಕೂಗಿದೆ. ಕೂಗುವುದು ಇಷ್ಟು ಹಿತ ಎಂದು ಯಾರೂ ನನಗೆ ಹೇಳಿರಲಿಲ್ಲ.

ಅನಿಲ ಬಂದ. ಬಿಲ್ಲನ್ನು ಎತ್ತಿಕೊಂಡು, ಕಿತ್ತ ಹಾಳೆಯ ಕೆಳಗೆ ಉಗುರು ಹಾಕಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಅಜ್ಜಾ, ಖಾಲಿ ಬಿಟ್ಟೀರೇನು?"

"ಖಾಲಿ ಅಂದ್ರ?"

"ಬಾಣ ಹೂಡದ ಹೆದಿ ಜಗ್ಗಿ ಬಿಡೂದು. ಬಾಣ ಇದ್ದರ ಬಿಲ್ಲಿನ ಜೋರೆಲ್ಲಾ ಬಾಣ ತಗೊಂಡ ಹೋಗತೈತಿ. ಇಲ್ಲಂದ್ರ ಆ ಜೋರ ತಿರುಗಿ ಬಿಲ್ಲಿಗೇ ಬಡೀತೈತಿ. ನಾಲ್ಕ ಸರತಿ ಬಿಟ್ಟರ ಸಾಕು, ಒಳಗ ಅಂಟ ಬಿಡತೈತಿ."

ಮೂರು ಸಲ, ದಿನಕ್ಕೆ. ಇಪ್ಪತ್ತು ದಿನಕ್ಕೂ ಮೇಲೆ.

ಹಿಂಜುವ ಬಿಲ್ಲಿನಲ್ಲಿ ತಂತಿಯ ಜೋರು ಅರಳಿಗೆ ಹೋಗುತ್ತದೆ, ಖಾಲಿ ಮೀಟಿದರೆ ಆ ದಪ್ಪ ಕಟ್ಟಿಗೆ ತಡೆದುಕೊಳ್ಳುತ್ತದೆ. ಈ ತೆಳ್ಳನೆಯ ತೋಳು ಹೇಗೆ ತಡೆದೀತು? ಅನಿಲ ಒಂದು ಮಾತು ಹೇಳಿದ ಕೂಡಲೇ ಎಲ್ಲವೂ ನನಗೆ ತಿಳಿಯಿತು. ಅಷ್ಟೊಂದು ವರ್ಷ ಬಿಲ್ಲು ಹಿಡಿದವನಿಗೆ ತಿಳಿಯದೆ ಇರುತ್ತದೆಯೇ?

ಆದರೆ ಸುತ್ತಲೂ ಜನ ಇದ್ದರು. ಎಲ್ಲರೂ ನನ್ನ ಕಡೆ ಇದ್ದರು.

ಈಶಪ್ಪ, "ಎಷ್ಟ ಶಾಣ್ಯಾ ಅದಿಯೋ ಅನಿಲಪ್ಪಾ! ಬಿಲ್ಲ ಕೊಟ್ಟಾಂವ ನೀ, ತಪ್ಪ ಮುದುಕಂದು!" ಎಂದು ಕೈ ಎತ್ತಿದ. ಗದ್ದಲ ಎದ್ದಿತು. ಪ್ರಭುಲಿಂಗಪ್ಪ ಮಗನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದ. ಮನೆಯಲ್ಲಿ ಮದುವೆ, ಪೇಟೆಯಲ್ಲಿ ಮಾನ. "ವಾದ ಬ್ಯಾಡ," ಎಂದ. "ಮೋದಿನಸಾಬ, ನಾಳೆ ಮುಂಜಾನೆ ನಮ್ಮ ಮನಶ್ಯಾನ್ನ ಪುಣೆಕ್ಕ ಕಳಸ್ತೀನಿ. ಹೊಸಾ ಬಿಲ್ಲ ತರಸ್ತೀನಿ. ಆಯ್ಕಿ ಮೊದಲ ಹುಡಿಗಿ ಕೈಯಾಗ ಇರತೈತಿ. ಆತಿಲ್ಲೋ?"

ಹೊಸ ಬಿಲ್ಲು. ಒಂಬತ್ತು ದಿನದ ಒಳಗೆ. ನಾನು ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನೆ ತಲೆ ಆಡಿಸಿದರೆ ಸಾಕಿತ್ತು.

ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ನಾನೇ, ಬೇರೆ ಯಾರೂ ಅಲ್ಲ. ನಕ್ಕವನು ಕೊಡಲಿ ಅಂದುಕೊಂಡೆ. ನಮ್ಮ ಅಪ್ಪನ ಕಾಲದಿಂದ ಇವರ ಮನೆಯವರೆಲ್ಲ ಮೆತ್ತಗೆ ಮಲಗಿದ್ದಾರೆ, ಈಗ ಒಮ್ಮೆ ಕೊಡಲಿ.

ನಾಹೀದ ಮುಂದೆ ಬಂದಳು. ಹುಬ್ಬಿನ ಮೇಲೆ ಬಿಳಿ ಪಟ್ಟಿ, ಅದರಲ್ಲಿ ಕೆಂಪು ಒಸರುತ್ತಿತ್ತು.

"ಬಿಟ್ಟಾನ್ರಿ," ಅಂದಳು.

"ಏನವಾ?" ಎಂದ ಪ್ರಭುಲಿಂಗಪ್ಪ.

"ಅಜ್ಜ ಖಾಲಿ ಬಿಟ್ಟಾನ್ರಿ. ದಿನಾ ಮುಂಜಾನೆ ಮೂರ ಸರತಿ. ನಾ ಬ್ಯಾಡ ಅಂದ್ರೂ ಬಿಟ್ಟಾನ. ನಿಮ್ಮ ಮಗ ಚಲೋ ಬಿಲ್ಲ ಕೊಟ್ಟಿದ್ರು."

ಈಶಪ್ಪ ಕೆಮ್ಮಿ, ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. ಯಾರೋ "ಹೋಗ್ಲಿ ಬಿಡ್ರಿ" ಅಂದರು. ಪ್ರಭುಲಿಂಗಪ್ಪ, "ಹಂಗಾದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದ. ಪುಣೆಯ ಮಾತು ಆಮೇಲೆ ಬರಲಿಲ್ಲ. ನಾನು ಅನಿಲನ ಮುಖ ನೋಡಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟು ಚಲೋ ಇತ್ತು, ಹಿಡಿದುಕೊಳ್ಳಲು ನನಗೆ ಏನಾದರೂ ಇರುತ್ತಿತ್ತು.

ಓಣಿಯ ತಿರುವಿನವರೆಗೆ ಇಬ್ಬರೂ ನಡೆದು ಬಂದೆವು. ಅಲ್ಲಿ ನನಗೆ ತಡೆಯಲಿಲ್ಲ.

"ಬಾಯಿ ಮುಚಗೊಂಡಿದ್ದರ ಹೊಸಾ ಬಿಲ್ಲ ಬರ್ತಿತ್ತಲ್ಲೇ! ಗದಗಕ್ಕ ಹೋಗ್ತಿದ್ದಿ! ನಾಕ ಮಂದ್ಯಾಗ ನನ್ನ ಮುಖಕ್ಕ ಸಗಣಿ ಹಚ್ಚಿದಿ. ಹರಿಶ್ಚಂದ್ರನ ಮೊಮ್ಮಗಳೇನ ನೀ?"

ಅವಳು ನಿಂತಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಎಂದೂ ಕಂಡಿರಲಿಲ್ಲ. ಅಥವಾ ಕಂಡಿದ್ದೆ, ಕನ್ನಡಿಯಲ್ಲಿ.

"ಸುಳ್ಳ ಆಡಬಾರದು ಅಂತ ಹೇಳಲಿಲ್ಲ ನಾ. ನಿನ್ನ ಮ್ಯಾಲಿನ ಸಿಟ್ಟಿಗಿ ಹೇಳಿದೆ. ಅಂವ ಹೇಳಾಕ ಬಂದ, ಬಾಯಿ ಮುಚ್ಚಿಸಿದಿ. ನಾ ಓದತೀನಿ ಅಂದೆ, ಪುಸ್ತಕ ಕಸಗೊಂಡಿ. ಉಲ್ಟಾ ಕಟ್ಟಿದಿ, ಆವಾಗೂ ತಿಳೀಲಿಲ್ಲ. ದಿನಾ ಮುಂಜಾನೆ ಟಂಯ್ ಟಂಯ್ ಅನಸೂದು ಯಾರಿಗಿ? ನನಗೇನು? ನಿನಗ. ನಿನಗ ಬೇಕಾಗಿತ್ತು ಬಿಲ್ಲ. ನನ್ನ ಹೆಸರ ಮಾಡಿ ನೀ ತಗೊಂಡಿ."

ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. "ಮುರಿದದ್ದಕ್ಕ ಸಿಟ್ಟಿಲ್ಲ ನನಗ. ಗೊತ್ತಾದ ಮ್ಯಾಲೂ ತಲಿ ಆಡಿಸಿದೆಲ್ಲಾ ನೀ, ಅದಕ್ಕ ಐತಿ."

ನಾನು ಅವಳಿಗೆ ಎಂದೂ ಕೈ ಮಾಡಿರಲಿಲ್ಲ. ಆ ದಿನ ಕೈ ಎದ್ದಿತ್ತು. ಪಟ್ಟಿಯ ಮೇಲಿನ ಕೆಂಪು ಕಂಡು ಕೆಳಗೆ ಬಂತು.

ಬಾನುಬಿ ಎರಡು ದಿನ ನನಗೆ ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ. ಮೂರನೆಯ ದಿನ, "ಹುಡಿಗಿ ಬಾಯಿಂದ ಖರೇ ಬಂತು. ನಿಮ್ಮ ಬಾಯಾಗ ಏನ ಐತಿ, ಅರಳಿ ತುರುಕ್ಯಾರೇನು?" ಅಂದಳು.

ಎದ್ದು ಪೇಟೆಗೆ ಹೋದೆ. ಅನಿಲ ಒಬ್ಬನೇ ಅಂಗಡಿಯಲ್ಲಿ ಇದ್ದ. ನಿಂತುಕೊಂಡೇ ಹೇಳಿದೆ. "ತಪ್ಪ ನಂದು. ನಾ ಖಾಲಿ ಬಿಟ್ಟೆ. ನಾನ ಹೇಳಬೇಕಾಗಿತ್ತು, ಆಕಿ ಹೇಳಿದಳು."

"ಆತ ಬಿಡ್ರಿ ಅಜ್ಜಾ. ಆಗಿಹೋತು."

ಅವನು ಬಿಡ್ರಿ ಅಂದದ್ದಕ್ಕೇ ನನಗೆ ಮತ್ತೆ ಸಿಟ್ಟು ಬಂತು. "ಬಿಡಬ್ಯಾಡ. ನಂದ ನಾ ಬಿಟ್ಟಿಲ್ಲ, ನಿಂದ ನೀ ಬಿಡಬ್ಯಾಡ. ಅವತ್ತ ಹೇಳಾಕ ಬಂದಿದ್ದಿ ನೀ. ನಾ ಬ್ಯಾಡ ಅಂದೆ, ಖರೇ. ನನ್ನ ಮಾತಿಗಿ ಹೆದರಿ ಹೇಳೂದ ಬಿಟ್ಟಿಯೇನು? ಮುದುಕ ಭಾಳ ಗೊತ್ತೈತಿ ಅಂತಾನ, ಮುರಕೊಳ್ಳಲಿ ನೋಡೂಣು ಅಂತ ಬಿಟ್ಟಿ. ನಕ್ಕೊಂಡ ಒಳಗ ಹೋದಿ. ಹೌದಲ್ಲೋ?"

ಅನಿಲ ಮೇಜಿನ ಮೇಲಿನ ಅರಳಿಯ ಎಳೆಯೊಂದನ್ನು ಬೆರಳಿಗೆ ಸುತ್ತತೊಡಗಿದ.

"ನನ್ನ ತಪ್ಪ ನಂದು," ಅಂದೆ. "ನಿನ್ನ ನಗು ನಿಂದು. ಎರಡೂ ಕೂಡಿ ಆಕಿ ಹುಬ್ಬ ಒಡದಾವು." ಹಾಗೆಂದು ಮೆಟ್ಟಿಲು ಇಳಿದೆ. ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಆಯ್ಕೆಯ ಭಾನುವಾರ ನಾಹೀದ ಗದಗಿಗೆ ಹೋದಳು, ಬರಿಗೈಯಲ್ಲಿ. ಅಲ್ಲಿ ಯಾರದಾದರೂ ಬಿಲ್ಲು ಕೇಳಿಕೊಂಡರಾಯಿತು ಎಂದು ಗುರುಸಂಗಪ್ಪ ಹೇಳಿದ್ದರಂತೆ. ನಾನು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ನೀ ಬರಬ್ಯಾಡ," ಅಂದಳು. ಬಸ್ಸಿನ ಧೂಳು ಕೆಳಗೆ ಕೂರುವವರೆಗೆ ನಿಂತು ಒಳಗೆ ಬಂದು ಅಂಗಿ ಬಿಚ್ಚಿದೆ.

ಹೊತ್ತು ಮುಳುಗುವಾಗ ಬಂದಳು. ಕೈಕಾಲು ತೊಳೆದು, ಉಂಡು, ತಾಟು ತೊಳೆದಿಟ್ಟಳು. ಕೇಳುವ ಧೈರ್ಯ ನನಗೆ ಇರಲಿಲ್ಲ, ಬಾನುಬಿಯೇ ಕೇಳಿದಳು.

"ಒಬ್ಬಾಕಿ ಕೊಟ್ಟಳು ಬಿಲ್ಲ. ಭಾಳ ಬಿರುಸು, ಗಲ್ಲದ ತನಕ ಜಗ್ಗಾಕ ಆಗಲಿಲ್ಲ. ಹತ್ತೊಂಬತ್ತ ಮಂದ್ಯಾಗ ಹನ್ನೆರಡನೇದು ಬಂದೆ. ಆರ ಮಂದೀನ ತಗೊಂಡ್ರು."

"ಮತ್ತ?"

"ಮತ್ತೇನು? ಬರೂ ವರ್ಷ ಐತಿ. ಎಡಗೈಯಾಗ ಶಕ್ತಿ ಇಲ್ಲ ಅಂದ್ರು ಅಲ್ಲಿಯವರು. ಯಾರ ಹತ್ರ ಕಲತಿ ಅಂತ ಕೇಳಿದ್ರು. ಸರ್ ಹೆಸರ ಹೇಳಿದೆ."

ಹೇಳಿದ್ದು ಸರಿ. ಗೊತ್ತಿದ್ದರೂ ಎದೆಯಲ್ಲಿ ಸೂಜಿ ಆಡಿದ ಹಾಗಾಯಿತು. ಅವಳ ಮೇಲೆ ಅಲ್ಲ, ಅನಿಲನ ಮೇಲೂ ಅಲ್ಲ, ಯಾರ ಮೇಲೆ ಎಂದು ಹೇಳಿಕೊಳ್ಳಲು ಬಾರದ ಒಂದು ಸಿಟ್ಟು.

ಮರುದಿನ ಮುಂಜಾನೆ ನಮಾಜು ಮುಗಿಸಿ ಬಂದೆ. ಅವಳು ಅಂಗಳದಲ್ಲಿ ಎಡಗೈಯಲ್ಲಿ ಗೋಡೆ ಕಟ್ಟುವ ಒಂದು ಇಟ್ಟಂಗಿ ಹಿಡಿದು, ಕೈ ನೆಟ್ಟಗೆ ಚಾಚಿ ನಿಂತಿದ್ದಳು. ಮುಖ ಎಡಕ್ಕೆ ಗೋಡೆಯ ಕಡೆ ತಿರುಗಿತ್ತು. ಅವಳು ಬಾಯಲ್ಲೇ ಎಣಿಸುತ್ತಿದ್ದಳು, ಉಸಿರು ತಪ್ಪಿ ಎಣಿಕೆಯೂ ತಪ್ಪಿತು. ಇಟ್ಟಂಗಿ ಇಳಿಸಿ, ಮತ್ತೆ ಎತ್ತಿದಳು.

"ನಾ ಎಣಸಲೇನು?" ಅಂದೆ.

ಗೋಡೆಯಿಂದ ಕಣ್ಣು ತೆಗೆಯದೆ ಇಟ್ಟಂಗಿಯನ್ನು ಭುಜದ ಮಟ್ಟಕ್ಕೆ ತಂದಳು.

"ಎಣಸು. ಬ್ಯಾರೆ ಏನೂ ಅನಬ್ಯಾಡ."

ಕಟ್ಟೆಯ ಮೇಲೆ ಕೂತು ಎಣಿಸಿದೆ. ಮೂವತ್ತಕ್ಕೆ ಅವಳ ಮೊಣಕೈ ನಡುಗಿತು. ನಲವತ್ತಕ್ಕೆ ಭುಜ ಮೇಲೆ ಏರತೊಡಗಿತು. ಭುಜ ಇಳಿಸು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿ, ನಲವತ್ತೊಂದು ಅಂದೆ.